ಸೂಕ್ಷ್ಮಜೀವಿಗಳ ವ್ಯಾಪಾರ: ತಳಿ, ತೂಕ ಮತ್ತು ಒಡೆತನ

ಸಣ್ಣ ಉದ್ದಿಮೆಗಳ ಖರೀದಿ ಪುಸ್ತಕದಲ್ಲಿ ಕಿಣ್ವ, ಅಂದರೆ ಎಂಜೈಮ್, ಸಾಮಾನ್ಯವಾಗಿ 'ಕೆಮಿಕಲ್ಸ್' ಎಂಬ ಖಾತೆಯಲ್ಲಿ ಸೋಡಾ ಆ್ಯಶ್, ಬ್ಲೀಚಿಂಗ್ ಪುಡಿಗಳ ಸಾಲಿನಲ್ಲಿ ಕುಳಿತಿರುತ್ತದೆ. ಕೃಷಿ ಪರಿಕರಗಳ ಅಂಗಡಿಯಲ್ಲಿ ರೈಜೋಬಿಯಂ ಪೊಟ್ಟಣವು ಯೂರಿಯಾ ಚೀಲದ ಮಗ್ಗುಲಲ್ಲೇ ಇರುತ್ತದೆ. ಲೆಕ್ಕ ಬರೆಯುವವರಿಗೆ ಇದರಿಂದ ತೊಡಕೇನೂ ಇಲ್ಲ. ಬಿಲ್ಲು, ತೂಕ, ದರ ಮೂರೂ ಇವೆ. ಆದರೆ ಸರಕಿನ ಸ್ವಭಾವ ಬೇರೆ. ಸೋಡಾ ಆ್ಯಶ್‌ನ ಒಂದು ಕಿಲೋ ಕಳೆದ ವರ್ಷವೂ ಈ ವರ್ಷವೂ ಬಹುಮಟ್ಟಿಗೆ ಒಂದೇ ಕೆಲಸ ಮಾಡುತ್ತದೆ. ಕಿಣ್ವದ ಒಂದು ಕಿಲೋ ಎಷ್ಟು ಕೆಲಸ ಮಾಡೀತು ಎಂಬುದನ್ನು ತಕ್ಕಡಿ ಹೇಳಲಾರದು. ಅದನ್ನು ನಿರ್ಧರಿಸುವುದು ಡ್ರಮ್ಮಿನ ಹಿಂದೆ ಎಲ್ಲೋ ಒಂದು ಕಾರ್ಖಾನೆಯಲ್ಲಿ ಬೆಳೆದ ಸೂಕ್ಷ್ಮಜೀವಿಯ ತಳಿ, ಆ ತಳಿಯೊಳಗಿನ ವಂಶವಾಹಿ, ಮತ್ತು ಅಲ್ಲಿಂದ ಗಿರಾಕಿಯ ಗೋದಾಮಿನವರೆಗೆ ಸರಕು ಕಂಡ ಬಿಸಿಲು.

ಈ ಸರಕನ್ನು ಕೊಳ್ಳುವವರೂ ಮಾರುವವರೂ ಅದರ ಜೀವಶಾಸ್ತ್ರವನ್ನು ಪೂರ್ತಿ ಅರಿಯಬೇಕಾಗಿಲ್ಲ. ಆದರೆ ಹಣ ಸೋರಿಹೋಗುವ ಸ್ಥಳಗಳು ಯಾವುವು, ತಳಿಯ ಹಕ್ಕು ಯಾರದು ಎಂಬ ಎರಡು ವಿಷಯಗಳನ್ನು ತಿಳಿಯಲು ಬೇಕಾಗುವಷ್ಟನ್ನಾದರೂ ಅರಿತಿರುವುದು ಅವಶ್ಯ.

ಗುಡಾರದಿಂದ ಜೀನ್ಸ್‌ವರೆಗೆ

ಬಳ್ಳಾರಿಯ ಜೀನ್ಸ್ ಉದ್ದಿಮೆ ನಾಡಿಗೆಲ್ಲ ಪರಿಚಿತ. ಹೊಲಿದು ಮುಗಿದ ಡೆನಿಮ್ ಉಡುಪು ಗಡುಸಾಗಿಯೂ ಕಡುನೀಲಿಯಾಗಿಯೂ ಇರುತ್ತದೆ. ಅದಕ್ಕೆ ಗ್ರಾಹಕರು ಬಯಸುವ ಮಾಸಲು ಬಣ್ಣವನ್ನೂ ಮೃದುತ್ವವನ್ನೂ ಕೊಡುವ ಕೆಲಸ ವಾಷಿಂಗ್ ಘಟಕಗಳದು. ಮೊದಲು ಈ ಕೆಲಸವನ್ನು ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲುಗಳು ಮಾಡುತ್ತಿದ್ದವು. ಉಡುಪಿನೊಂದಿಗೆ ಕಲ್ಲುಗಳನ್ನೂ ಯಂತ್ರಕ್ಕೆ ತುಂಬಿ ತಿರುಗಿಸಬೇಕಿತ್ತು. ಬಣ್ಣವೇನೋ ಉದುರುತ್ತಿತ್ತು, ಜೊತೆಗೆ ಯಂತ್ರದ ಡ್ರಮ್ಮೂ ಸವೆಯುತ್ತಿತ್ತು, ಬಟ್ಟೆಯೂ ಹರಿಯುತ್ತಿತ್ತು, ಕಲ್ಲಿನ ಪುಡಿ ಚರಂಡಿಯಲ್ಲಿ ಕೂರುತ್ತಿತ್ತು. 1980ರ ದಶಕದ ಕೊನೆಯ ಭಾಗದಿಂದ ಜಗತ್ತಿನ ಡೆನಿಮ್ ಉದ್ದಿಮೆಯಲ್ಲಿ ಈ ಕಲ್ಲಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದ್ದು ಸೆಲ್ಯುಲೇಸ್ ಎಂಬ ಕಿಣ್ವ.

ಹತ್ತಿಯ ನೂಲು ಸೆಲ್ಯುಲೋಸ್‌ನಿಂದ ಆದುದು. ಇಂಡಿಗೋ ಬಣ್ಣ ನೂಲಿನ ಹೊರಮೈಯಲ್ಲಿ ಮಾತ್ರ ಅಂಟಿಕೊಂಡಿರುತ್ತದೆ, ಒಳಗಿನವರೆಗೆ ಇಳಿದಿರುವುದಿಲ್ಲ. ಸೆಲ್ಯುಲೇಸ್ ಹೊರಮೈಯ ಸಣ್ಣ ಎಳೆಗಳನ್ನು ಕೊರೆದು ಸಡಿಲಿಸುತ್ತದೆ. ಯಂತ್ರದ ತಿಕ್ಕಾಟಕ್ಕೆ ಆ ಎಳೆಗಳೊಂದಿಗೆ ಬಣ್ಣವೂ ಕಳಚುತ್ತದೆ. ಕಲ್ಲು ಬಲದಿಂದ ಮಾಡುತ್ತಿದ್ದ ಕೆಲಸವನ್ನು ಕಿಣ್ವ ನಯವಾಗಿ ಮಾಡುತ್ತದೆ ಎನ್ನಬಹುದು.

ಈ ಕಿಣ್ವವನ್ನು ಕೊಡುವ ಮುಖ್ಯ ಶಿಲೀಂಧ್ರಗಳಲ್ಲೊಂದಾದ ಟ್ರೈಕೋಡರ್ಮಾ ರೀಸಿಯ ಚರಿತ್ರೆ ಕುತೂಹಲಕರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೆರಿಕದ ಸೇನೆಗೆ ಒಂದು ವಿಚಿತ್ರ ಸಂಕಟ ಎದುರಾಯಿತು. ಹತ್ತಿಬಟ್ಟೆಯ ಗುಡಾರಗಳೂ ಸಮವಸ್ತ್ರಗಳೂ ಬೇಗ ಕೊಳೆತು ಹರಿದುಹೋಗುತ್ತಿದ್ದವು. ಕಾರಣ ಹುಡುಕಲು ಹೊರಟ ಸೇನೆಯ ಸರಬರಾಜು ವಿಭಾಗದ ವಿಜ್ಞಾನಿಗಳು ಸಾಲೊಮನ್ ದ್ವೀಪಸಮೂಹದಿಂದ ಬಂದ ಒಂದು ಕೊಳೆತ ಬಟ್ಟೆಯಲ್ಲಿ ಈ ಶಿಲೀಂಧ್ರವನ್ನು ಗುರುತಿಸಿ, ಅದಕ್ಕೆ 'ಕ್ಯೂಎಂ6ಎ' ಎಂಬ ಕ್ರಮಸಂಖ್ಯೆ ಕೊಟ್ಟು ಕಾಪಿಟ್ಟರು. ಅದರ ಮೇಲೆ ದೀರ್ಘಕಾಲ ದುಡಿದ ಎಲ್ವಿನ್ ರೀಸ್ ಅವರ ಗೌರವಾರ್ಥ ಮುಂದೆ ಅದಕ್ಕೆ 'ರೀಸಿ' ಎಂಬ ಹೆಸರು ಬಂದಿತು. ಅಂದು ಸೇನೆಯ ಉದ್ದೇಶ ಈ ಬೂಷ್ಟನ್ನು ತಡೆಯುವುದಾಗಿತ್ತು. ಇಂದು ಕೈಗಾರಿಕೆಯಲ್ಲಿ ಬಳಕೆಯಲ್ಲಿರುವ ಈ ಜಾತಿಯ ತಳಿಗಳೆಲ್ಲ ಆ ಒಂದೇ ಕೊಳೆತ ಬಟ್ಟೆಯ ಬೂಷ್ಟಿನ ಸಂತತಿ.

ಮೂಲ ತಳಿ ಕೊಡುತ್ತಿದ್ದ ಕಿಣ್ವದ ಪ್ರಮಾಣ ವ್ಯಾಪಾರಕ್ಕೆ ಸಾಲುವಂತಿರಲಿಲ್ಲ. ಇಲ್ಲಿ ವಂಶವಾಹಿಯ ಪ್ರಶ್ನೆ ಬರುತ್ತದೆ. ಪ್ರತಿಯೊಂದು ಕಿಣ್ವವೂ ಒಂದು ಪ್ರೋಟೀನು. ಅದನ್ನು ಹೇಗೆ ತಯಾರಿಸಬೇಕೆಂಬ ಆದೇಶ ಜೀವಕೋಶದ ಡಿಎನ್‌ಎಯಲ್ಲಿ ಬರೆದಿರುತ್ತದೆ. ಆ ಆದೇಶದ ಒಂದೊಂದು ತುಣುಕೇ ವಂಶವಾಹಿ. ಆದರೆ ಆದೇಶ ಇದ್ದ ಮಾತ್ರಕ್ಕೆ ಉತ್ಪಾದನೆ ನಡೆಯುವುದಿಲ್ಲ. ಸುತ್ತಲೂ ಗ್ಲೂಕೋಸ್ ಧಾರಾಳವಾಗಿ ಸಿಕ್ಕರೆ ಈ ಶಿಲೀಂಧ್ರ ಸೆಲ್ಯುಲೇಸ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಊಟ ಸಿದ್ಧವಿರುವಾಗ ಕಟ್ಟಿಗೆ ಒಡೆಯುವವರು ಯಾರು? ಈ ನಿಲುಗಡೆಯನ್ನು ನಿಯಂತ್ರಿಸುವುದಕ್ಕೂ ಒಂದು ವಂಶವಾಹಿ ಇದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ನೇರಳಾತೀತ ಕಿರಣಗಳಿಗೂ ರಾಸಾಯನಿಕಕ್ಕೂ ಶಿಲೀಂಧ್ರವನ್ನು ಒಡ್ಡಿ, ಹಲವು ಸುತ್ತು ಆಯ್ಕೆ ಮಾಡಿ, 'ರಟ್-ಸಿ30' ಎಂಬ ತಳಿಯನ್ನು ಪಡೆದರು. ಅದರಲ್ಲಿ ಆ ನಿಲುಗಡೆಯ ವಂಶವಾಹಿ ತುಂಡಾಗಿತ್ತು ಎಂಬುದು ಅನಂತರದ ಅಧ್ಯಯನದಿಂದ ತಿಳಿದುಬಂದಿತು. ಅಂದರೆ ಆ ತಳಿಗೆ ದುಡಿಮೆ ನಿಲ್ಲಿಸಲು ಹೇಳುವ ಗುಂಡಿಯೇ ಕೆಟ್ಟುಹೋಗಿತ್ತು. ಉದ್ದಿಮೆಗೆ ಬೇಕಿದ್ದುದೂ ಅಂಥದೇ ಕೆಡುಕು. 2008ರಲ್ಲಿ ಈ ಶಿಲೀಂಧ್ರದ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾದಾಗ, ಸೆಲ್ಯುಲೋಸ್ ಒಡೆಯುವ ವಂಶವಾಹಿಗಳು ಅದರಲ್ಲಿ ನಿರೀಕ್ಷೆಗಿಂತ ಕಡಿಮೆ ಇದ್ದುದು ವಿಜ್ಞಾನಿಗಳನ್ನು ಅಚ್ಚರಿಗೊಳಿಸಿತು. ಅದರ ಬಲವಿರುವುದು ವಂಶವಾಹಿಗಳ ಸಂಖ್ಯೆಯಲ್ಲಲ್ಲ, ಇರುವ ಕೆಲವನ್ನೇ ಭಾರೀ ಪ್ರಮಾಣದಲ್ಲಿ ದುಡಿಸುವುದರಲ್ಲಿ.

ವಂಶವಾಹಿಯ ವರ್ಗಾವಣೆ

ಮೇಲಿನದು ಹಳೆಯ ವಿಧಾನ: ಪೆಟ್ಟು ಕೊಡುವುದು, ಬದುಕುಳಿದವುಗಳಲ್ಲಿ ಒಳ್ಳೆಯದನ್ನು ಆರಿಸುವುದು. ಪೆನಿಸಿಲಿನ್ ಅಗ್ಗವಾದದ್ದೂ ಈ ಮಾರ್ಗದಿಂದಲೇ. ಜಪಾನಿನ ಜೋಕಿಚಿ ಟಾಕಾಮೈನ್ ಸಾಕೆ ಮದ್ಯ ಮತ್ತು ಸೋಯಾ ಸಾಸ್ ತಯಾರಿಕೆಯಲ್ಲಿ ಬಳಸುವ ಆಸ್ಪರ್‌ಜಿಲ್ಲಸ್ ಒರೈಝೆ ಬೂಷ್ಟಿನಿಂದ ಕಿಣ್ವ ತೆಗೆದು 1894ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಕಾಲಕ್ಕೆ ಈ ಪೆಟ್ಟಿನ ಮಾರ್ಗವೂ ಇರಲಿಲ್ಲ. ಸಿಕ್ಕ ತಳಿಯೇ ಗತಿ.

1973ರಲ್ಲಿ ಸ್ಟಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ತಂಡ ತೋರಿಸಿಕೊಟ್ಟ ವಿಧಾನ ಇದನ್ನು ಬದಲಿಸಿತು. ಬ್ಯಾಕ್ಟೀರಿಯಾಗಳಲ್ಲಿ ಮುಖ್ಯ ಡಿಎನ್‌ಎಯ ಹೊರತಾಗಿ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಗಳಿರುತ್ತವೆ. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಒಂದು ಕಿಣ್ವ, ಅಂಟಿಸುವ ಇನ್ನೊಂದು ಕಿಣ್ವ, ಇವೆರಡರ ನೆರವಿನಿಂದ ಬೇರೊಂದು ಜೀವಿಯ ವಂಶವಾಹಿಯನ್ನು ಪ್ಲಾಸ್ಮಿಡ್‌ಗೆ ಸೇರಿಸಿ ಇ-ಕೋಲೈ ಬ್ಯಾಕ್ಟೀರಿಯಾದೊಳಗೆ ಇಡಬಹುದಾಯಿತು. ಬ್ಯಾಕ್ಟೀರಿಯಾ ವೃದ್ಧಿಯಾದಂತೆ ಆ ಆದೇಶದ ಪ್ರತಿಗಳೂ ವೃದ್ಧಿಯಾಗುತ್ತವೆ.

ಫಲ ಶೀಘ್ರವಾಗಿಯೇ ಬಂದಿತು. ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯಬೇಕಾಗಿದ್ದ ಇನ್ಸುಲಿನ್ ಬದಲು ಬ್ಯಾಕ್ಟೀರಿಯಾ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಯೀಸ್ಟ್‌ನಲ್ಲಿ ತಯಾರಿಸಿ ಹೊರತಂದಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು. ಇವು ಎಲ್ಲರಿಗೂ ತಿಳಿದ ಸುದ್ದಿಗಳು.

ಸಣ್ಣ ಉದ್ದಿಮೆದಾರರಿಗೆ ಇವಕ್ಕಿಂತ ಹತ್ತಿರದವು ಬೇರೆ ಎರಡು. ಒಂದು, ಚೀಸ್ ತಯಾರಿಕೆಯಲ್ಲಿ ಹಾಲನ್ನು ಒಡೆಸುವ ಕೈಮೋಸಿನ್. ಇದು ಎಳೆಗರುಗಳ ಹೊಟ್ಟೆಯಿಂದ ಬರುತ್ತಿತ್ತು. ಕರುವಿನ ವಂಶವಾಹಿಯನ್ನು ಸೂಕ್ಷ್ಮಜೀವಿಗೆ ಸೇರಿಸಿ ತಯಾರಿಸಿದ ಕೈಮೋಸಿನ್‌ಗೆ 1990ರಲ್ಲಿ ಅಮೆರಿಕ ಅನುಮತಿ ನೀಡಿತು. ಸಸ್ಯಾಹಾರಿ ಗ್ರಾಹಕರೇ ಹೆಚ್ಚಿರುವ ನಮ್ಮ ಪೇಟೆಯಲ್ಲಿ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಇನ್ನೊಂದು, ಬಟ್ಟೆ ಒಗೆಯುವ ಪುಡಿಯಲ್ಲಿ ಎಣ್ಣೆಕಲೆ ತೆಗೆಯುವ ಲೈಪೇಸ್. ಅದನ್ನು ಕೊಡುವ ಮೂಲ ಶಿಲೀಂಧ್ರ ಕಾರ್ಖಾನೆಗೆ ಸಾಕಾಗುವಷ್ಟು ಕೊಡುತ್ತಿರಲಿಲ್ಲ. ಡೆನ್ಮಾರ್ಕಿನ ನೋವೋ ಕಂಪನಿ ಆ ವಂಶವಾಹಿಯನ್ನು ಟಾಕಾಮೈನ್ ಕಾಲದ ಅದೇ ಆಸ್ಪರ್‌ಜಿಲ್ಲಸ್ ಒರೈಝೆಗೆ ಸೇರಿಸಿ 1988ರಲ್ಲಿ 'ಲೈಪೊಲೇಸ್' ಎಂಬ ಹೆಸರಿನಲ್ಲಿ ಮಾರಿತು. ಹೊಸ ಆದೇಶ, ಹಳೆಯ ನಂಬುಗೆಯ ಆಳು.

ಕೊಳ್ಳುವವರಲ್ಲಿ ಒಂದು ಅಂಜಿಕೆ ಕಂಡುಬರುವುದುಂಟು. ಕುಲಾಂತರಿ ಜೀವಿಯ ಉತ್ಪನ್ನವನ್ನು ಬಳಸಲು ತಾವೂ ಅನುಮತಿ ಪಡೆಯಬೇಕೇ ಎಂದು. ಕಾರ್ಖಾನೆ ಕಿಣ್ವವನ್ನು ಸೋಸಿ, ಜೀವಕೋಶಗಳನ್ನು ಬೇರ್ಪಡಿಸಿದ ಮೇಲೆಯೇ ಡ್ರಮ್ಮಿಗೆ ತುಂಬುತ್ತದೆ. ಬರುವುದು ಪ್ರೋಟೀನೇ ಹೊರತು ಜೀವಂತ ಕುಲಾಂತರಿ ಜೀವಿಯಲ್ಲ. ಆದರೆ ಅಂಥ ಜೀವಿಯನ್ನು ತಾವೇ ತಂದು ಬೆಳೆಸಲು ಹೊರಟರೆ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಮಟ್ಟದಲ್ಲೇ ಜೈವಿಕ ಸುರಕ್ಷತಾ ಸಮಿತಿ ಬೇಕಾಗುತ್ತದೆ. ಮೇಲೆ ಕೇಂದ್ರದ ಸಮಿತಿಗಳಿವೆ. ಎರಡು ಮಾರ್ಗಗಳ ಖರ್ಚಿಗೂ ಹೋಲಿಕೆಯೇ ಇಲ್ಲ.

ತಕ್ಕಡಿ ಹೇಳದ ಲೆಕ್ಕ

ಕಿಣ್ವವನ್ನು ಮಾರುವುದು ಕಿಲೋದಲ್ಲಿ, ಅದು ದುಡಿಯುವುದು 'ಯೂನಿಟ್'ಗಳಲ್ಲಿ. ಗೊತ್ತಾದ ಉಷ್ಣತೆ ಮತ್ತು ಪಿಎಚ್‌ನಲ್ಲಿ, ಗೊತ್ತಾದ ಅವಧಿಯಲ್ಲಿ ಎಷ್ಟು ಪದಾರ್ಥವನ್ನು ಒಡೆಯುತ್ತದೆ ಎಂಬುದೇ ಯೂನಿಟ್ಟಿನ ಅಳತೆ.

ಒಬ್ಬ ಸರಬರಾಜುದಾರರ ಕಿಣ್ವ ಕಿಲೋಗೆ 400 ರೂಪಾಯಿ, ಗ್ರಾಂಗೆ 1,000 ಯೂನಿಟ್ ಎಂದೂ, ಇನ್ನೊಬ್ಬರದು ಕಿಲೋಗೆ 900 ರೂಪಾಯಿ, ಗ್ರಾಂಗೆ 3,000 ಯೂನಿಟ್ ಎಂದೂ ಇಟ್ಟುಕೊಳ್ಳಬಹುದು. ಬಿಲ್ಲು ನೋಡಿದವರು ಮೊದಲನೆಯದನ್ನೇ ಆರಿಸುತ್ತಾರೆ. ಆದರೆ ಮೊದಲನೆಯ ಕಿಲೋದಲ್ಲಿರುವುದು 10 ಲಕ್ಷ ಯೂನಿಟ್, ಎರಡನೆಯದರಲ್ಲಿ 30 ಲಕ್ಷ. ಹತ್ತು ಲಕ್ಷ ಯೂನಿಟ್ಟಿಗೆ ಮೊದಲನೆಯವರಿಗೆ 400 ರೂಪಾಯಿ, ಎರಡನೆಯವರಿಗೆ 300 ರೂಪಾಯಿ ಸಂದಾಯವಾಗುತ್ತದೆ. ದುಬಾರಿ ಎಂದು ಕಂಡದ್ದೇ ಶೇಕಡಾ 25ರಷ್ಟು ಅಗ್ಗ.

ಇದರಲ್ಲೂ ಒಂದು ಸೂಕ್ಷ್ಮವಿದೆ. ಕಂಪನಿಗಳು ಯೂನಿಟ್ಟನ್ನು ತಮ್ಮ ತಮ್ಮ ಪರೀಕ್ಷಾ ವಿಧಾನದಲ್ಲಿ ಅಳೆಯುತ್ತವೆ. ಒಬ್ಬರು 50 ಡಿಗ್ರಿಯಲ್ಲಿ ಅಳೆದ ಯೂನಿಟ್ಟನ್ನು ಇನ್ನೊಬ್ಬರು 40 ಡಿಗ್ರಿಯಲ್ಲಿ ಅಳೆದ ಯೂನಿಟ್ಟಿನೊಂದಿಗೆ ಹೋಲಿಸುವುದು ಗಜವನ್ನೂ ಮೀಟರನ್ನೂ ಒಂದೇ ಎಂದು ಬಗೆದಂತೆ. ಸಾಂದ್ರ ಕಿಣ್ವವನ್ನು ತಂದು, ತೆಳುಮಾಡಿ, ತಮ್ಮ ಹೆಸರಿನಲ್ಲಿ ಮಾರುವ ಮಧ್ಯವರ್ತಿಗಳೂ ಇದ್ದಾರೆ. ಯೂನಿಟ್ ನಮೂದಿಸಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ನಮೂದಿಸದಿದ್ದಾಗ ಕೊಳ್ಳುವವರು ನೀರಿಗೆ ಹಣ ತೆರುತ್ತಾರೆ. ಆದಕಾರಣ ಪ್ರತಿ ಬ್ಯಾಚಿನ ಪರೀಕ್ಷಾ ಪ್ರಮಾಣಪತ್ರ, ಅದರಲ್ಲಿ ಪರೀಕ್ಷೆಯ ಉಷ್ಣತೆ ಮತ್ತು ಪಿಎಚ್, ತಯಾರಾದ ದಿನಾಂಕ ಇವನ್ನು ಕೇಳಿ ಪಡೆಯುವುದು ಕೊಳ್ಳುವವರ ಹಕ್ಕು. ಅದಕ್ಕೂ ಮಿಗಿಲಾದ ಅಳತೆ ಕೊಳ್ಳುವವರ ಯಂತ್ರದಲ್ಲೇ ಇದೆ: ಎರಡೂ ಮಾದರಿಗಳಿಂದ ತಲಾ ಒಂದು ಲಾಟು ಒಗೆದು, ಒಂದೇ ಛಾಯೆ ಬರಲು ಒಂದು ಪ್ಯಾಂಟಿಗೆ ಎಷ್ಟು ಖರ್ಚಾಯಿತು ಎಂದು ನೋಡುವುದು.

ತಳಿಯ ಭೇದವೂ ಬೆಲೆಯಲ್ಲಿ ಅಡಗಿರುತ್ತದೆ. ಟ್ರೈಕೋಡರ್ಮಾದ 'ಆ್ಯಸಿಡ್ ಸೆಲ್ಯುಲೇಸ್' ಪಿಎಚ್ 5ರ ಸುಮಾರಿನಲ್ಲಿ ಚುರುಕಾಗಿ ದುಡಿಯುತ್ತದೆ, ಬೇಗ ಮುಗಿಸುತ್ತದೆ. ಆದರೆ ಕಳಚಿದ ನೀಲಿಬಣ್ಣ ಮತ್ತೆ ಬಿಳಿ ನೂಲಿಗೂ ಜೇಬಿನ ಬಟ್ಟೆಗೂ ಅಂಟುವುದು ಹೆಚ್ಚು. ಹ್ಯುಮಿಕೋಲಾ ಎಂಬ ಇನ್ನೊಂದು ಶಿಲೀಂಧ್ರದ 'ನ್ಯೂಟ್ರಲ್ ಸೆಲ್ಯುಲೇಸ್' ನಿಧಾನ; ಬಣ್ಣ ಮರಳಿ ಅಂಟುವುದು ಕಡಿಮೆ, ಬಟ್ಟೆಯ ಬಲವೂ ಉಳಿಯುತ್ತದೆ. ಯಂತ್ರದ ಸಮಯ, ವಿದ್ಯುತ್ತು, ತಿರಸ್ಕೃತವಾಗುವ ಉಡುಪು ಇವೆಲ್ಲವನ್ನೂ ಸೇರಿಸದೆ ಇವೆರಡರಲ್ಲಿ ಯಾವುದು ಲಾಭಕರ ಎಂದು ಹೇಳಲಾಗದು. ಇನ್ನು, ಕೆಲಸ ಮುಗಿದ ಮೇಲೆ ಬಿಸಿನೀರು ಮತ್ತು ಸೋಡಾ ಆ್ಯಶ್ ಹಾಕಿ ಕಿಣ್ವವನ್ನು ನಿಷ್ಕ್ರಿಯಗೊಳಿಸಲೇಬೇಕು. ಈ ಹಂತವನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟರೆ ಬಟ್ಟೆಯಲ್ಲಿ ಉಳಿದ ಕಿಣ್ವ ಮೂಟೆಯೊಳಗೂ ನೂಲನ್ನು ತಿನ್ನುತ್ತಿರುತ್ತದೆ. ದೂರು ಬರುವುದು ಗಿರಾಕಿಯಿಂದ.

ದಾಸ್ತಾನಿನ ಮಾತು. ಕಿಣ್ವ ತಂಪಿನಲ್ಲಿರಬೇಕಾದ ಸರಕು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಛಾವಣಿಯ ಗೋದಾಮು ಇನ್ನೂ ಬಿಸಿ. ಮಾರ್ಚಿ 31ರಂದು ದಾಸ್ತಾನು ತೂಗಿದಾಗ 100 ಕಿಲೋ ಇದೆ. ಅದರ ಶಕ್ತಿ ಅರ್ಧ ಇಳಿದಿದ್ದರೂ ತಕ್ಕಡಿಗೆ ಅದು ಗೊತ್ತಾಗದು. ಕಿಣ್ವ ಮಾರುವ ವ್ಯಾಪಾರಿಯು ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾಗಬಹುದಾದ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಶಕ್ತಿ ಕುಂದಿದ ಸರಕನ್ನು ಪೂರ್ಣ ವೆಚ್ಚದಲ್ಲಿ ತೋರಿಸಿದರೆ ಇಲ್ಲದ ಲಾಭವನ್ನು ಬರೆದಂತಾಗುತ್ತದೆ. ಆ ಲಾಭದ ಮೇಲೆ ತೆರಿಗೆಯನ್ನೂ ತೆತ್ತಂತಾಗುತ್ತದೆ.

ಕೆಲಸಗಾರರ ವಿಷಯವನ್ನೂ ಇಲ್ಲಿಯೇ ಹೇಳುವುದು ಲೇಸು. 1960ರ ದಶಕದ ಕೊನೆಯಲ್ಲಿ ಕಿಣ್ವದ ಪುಡಿ ಬೆರೆಸುತ್ತಿದ್ದ ಡಿಟರ್ಜೆಂಟ್ ಕಾರ್ಖಾನೆಗಳ ಕೆಲಸಗಾರರಲ್ಲಿ ಉಬ್ಬಸ ಕಾಣಿಸಿಕೊಂಡಿತು. ಆಮೇಲೆ ಉದ್ದಿಮೆ ಪುಡಿಯ ಬದಲು ಮೇಲೆ ಲೇಪನವಿರುವ ಕಾಳುಗಳಿಗೆ ತಿರುಗಿತು. ಅಗ್ಗದ ಪುಡಿಕಿಣ್ವವನ್ನು ಬರಿಗೈಯಲ್ಲಿ, ಮುಖವಸ್ತ್ರವಿಲ್ಲದೆ ಸುರಿಯುವ ಘಟಕಗಳು ಈ ಹಳೆಯ ಪಾಠವನ್ನು ಮತ್ತೆ ದುಬಾರಿಯಾಗಿ ಕಲಿಯಬೇಕಾದೀತು.

ಜೀವಂತ ಸರಕು

ಕಿಣ್ವ ನಿರ್ಜೀವ ಪ್ರೋಟೀನು. ಜೀವಾಣು ಗೊಬ್ಬರದಲ್ಲಿ ಮಾರಾಟವಾಗುವುದು ಜೀವಿಯೇ. ರಸಗೊಬ್ಬರ ನಿಯಂತ್ರಣ ಆದೇಶ 1985ರ ವ್ಯಾಪ್ತಿಗೆ ಇವನ್ನು 2006ರಲ್ಲಿ ತರಲಾಯಿತು. ರೈಜೋಬಿಯಂ ಮುಂತಾದವುಗಳ ಪುಡಿಯ ರೂಪದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕೆಂದು ನಿಗದಿಯಾಗಿದೆ. ಗುಣಮಟ್ಟಕ್ಕೆ ಇಳಿದ ಗೊಬ್ಬರವನ್ನು ಮಾರುವುದಕ್ಕೇ ನಿಷೇಧವಿರುವುದರಿಂದ ಹೊಣೆ ತಯಾರಕರಲ್ಲಿಗೆ ಮುಗಿಯುವುದಿಲ್ಲ. ಕಾರ್ಖಾನೆಯಿಂದ ಹೊರಡುವಾಗ ಸರಿಯಾಗಿದ್ದ ಪೊಟ್ಟಣ ಬಿಸಿಲಿನಲ್ಲಿ ಕೂತು ಕೋಶಗಳು ಸತ್ತರೆ, ಅಧಿಕಾರಿ ಮಾದರಿ ತೆಗೆಯುವುದು ಅಂಗಡಿಯಿಂದ.

ಎಣಿಕೆ ಸರಿ ಇದ್ದರೂ ಸಾಲದು. ಶೇಂಗಾಕ್ಕೆ ಹೊಂದುವ ತಳಿ ಸೋಯಾಬೀನಿಗೆ ಹೊಂದುವುದಿಲ್ಲ. ಬೇರಿನಲ್ಲಿ ಗಂಟು ಕಟ್ಟಿಸಿ ಸಾರಜನಕ ಹಿಡಿಯಬೇಕಾದರೆ ಗಿಡದ ಬೇರೂ ಬ್ಯಾಕ್ಟೀರಿಯಾವೂ ರಾಸಾಯನಿಕ ಸಂಕೇತಗಳ ಮೂಲಕ ಒಂದನ್ನೊಂದು ಗುರುತಿಸಬೇಕು. ಆ ಸಂಕೇತದ ವಂಶವಾಹಿಗಳು ತಳಿಯಿಂದ ತಳಿಗೆ ಬೇರೆ. ಕೆಲವು ರೈಜೋಬಿಯಂಗಳಲ್ಲಿ ಈ ವಂಶವಾಹಿಗಳು ಪ್ಲಾಸ್ಮಿಡ್ ಮೇಲಿರುತ್ತವೆ. ಹೆಚ್ಚಿನ ಉಷ್ಣತೆಯಲ್ಲಿ ಬೆಳೆದಾಗ, ಅಥವಾ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಹೊಸ ತಟ್ಟೆಗೆ ವರ್ಗಾಯಿಸುತ್ತ ಹೋದಾಗ ಅವು ಪ್ಲಾಸ್ಮಿಡ್ಡನ್ನೇ ಕಳೆದುಕೊಳ್ಳಬಹುದು. ಆಗ ಕೋಶಗಳು ಜೀವಂತವಾಗಿರುತ್ತವೆ, ಎಣಿಕೆ ಕೋಟಿಗಟ್ಟಲೆ ಇರುತ್ತದೆ, ಗಂಟು ಮಾತ್ರ ಕಟ್ಟುವುದಿಲ್ಲ. ರೈತರ ನಂಬಿಕೆ ಹೋಗುವುದು ಇಂಥಲ್ಲಿ. ಆದುದರಿಂದ ಜವಾಬ್ದಾರಿಯುತ ತಯಾರಕರು ಮೂಲ ತಳಿಯನ್ನು ಗ್ಲಿಸರಾಲ್‌ನಲ್ಲಿ ಅತಿಶೈತ್ಯದಲ್ಲೋ, ಒಣಗಿಸಿ ಮುಚ್ಚಿದ ಗಾಜಿನ ನಳಿಗೆಯಲ್ಲೋ ಕಾಪಿಟ್ಟು, ಪ್ರತಿ ಉತ್ಪಾದನೆಯನ್ನೂ ಅದರಿಂದಲೇ ಆರಂಭಿಸುತ್ತಾರೆ; ಕಳೆದ ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಹೆಪ್ಪು ಹಾಕಿದಂತೆ ಸಾಗುವುದಿಲ್ಲ.

ಅವಧಿ ಮೀರಿದ ಸರಕನ್ನು ಬಿಸಾಡುವಾಗ ಜಿಎಸ್‌ಟಿಯ ನೆನಪಿರಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ ಪ್ರಕರಣ 17(5)(ಎಚ್) ಪ್ರಕಾರ ನಾಶಪಡಿಸಿದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯದು, ಪಡೆದಿದ್ದರೆ ಮರಳಿಸಬೇಕು. ವರ್ಗೀಕರಣದಲ್ಲೂ ಎಚ್ಚರ ಅಗತ್ಯ. ಕಿಣ್ವಗಳು 3507ನೇ ಶೀರ್ಷಿಕೆ, ಯೀಸ್ಟ್ 2102, ಯೀಸ್ಟ್ ಹೊರತಾದ ಸೂಕ್ಷ್ಮಜೀವಿಗಳ ಕಲ್ಚರ್ 3002. ಮೂರೂ ಬೇರೆ ಬೇರೆ ಅಧ್ಯಾಯಗಳು. ಎಲ್ಲಕ್ಕೂ 'ಬಯೋ-ಕಲ್ಚರ್' ಎಂದು ಬರೆದು ಒಂದೇ ಸಂಖ್ಯೆ ಹಾಕುವ ಅಭ್ಯಾಸ ತಪಾಸಣೆಯ ದಿನ ಕಾಡುತ್ತದೆ.

ಒಡೆಯರು ಯಾರು?

1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಿಂದ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಥರ್ಮಸ್ ಅಕ್ವಾಟಿಕಸ್ ಎಂಬ ಆ ತಳಿಯನ್ನು ಸಾರ್ವಜನಿಕ ಸಂಗ್ರಹಾಲಯದಲ್ಲಿ ಇರಿಸಿದರು. ಅಲ್ಲಿಂದ ಯಾರು ಬೇಕಾದರೂ ಅಲ್ಪ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದಿತ್ತು. ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ಪಿಸಿಆರ್ ವಿಧಾನಕ್ಕೆ ಕಾವಿನಲ್ಲೂ ಕೆಡದ ಕಿಣ್ವ ಬೇಕಾಯಿತು. ಅದು ಸಿಕ್ಕಿದ್ದು ಈ ಬ್ಯಾಕ್ಟೀರಿಯಾದಲ್ಲಿ. ಮುಲ್ಲಿಸ್ ಕೆಲಸ ಮಾಡುತ್ತಿದ್ದ ಸೀಟಸ್ ಕಂಪನಿ 1991ರಲ್ಲಿ ಪಿಸಿಆರ್ ಹಕ್ಕುಗಳನ್ನು ಹಾಫ್‌ಮನ್-ಲಾ ರೋಷ್ ಸಂಸ್ಥೆಗೆ 30 ಕೋಟಿ ಡಾಲರಿಗೆ ಮಾರಿತು. ಉದ್ಯಾನಕ್ಕೆ ಅದರಿಂದ ಏನೂ ಬರಲಿಲ್ಲ. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಹಿಂದೆಯೂ ಇದೇ ವಿಧಾನವಿದೆ.

ಇದಕ್ಕೆ ಬೇರೆಯಾದ ದಾರಿ ಕೋಹೆನ್-ಬಾಯರ್ ಪೇಟೆಂಟಿನದು. ಅದನ್ನು ನಿರ್ವಹಿಸಿದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯ ಯಾರೊಬ್ಬರಿಗೂ ಏಕಸ್ವಾಮ್ಯ ಕೊಡಲಿಲ್ಲ. ಆರಂಭದಲ್ಲಿ 10,000 ಡಾಲರ್, ವರ್ಷಕ್ಕೆ 10,000 ಡಾಲರ್, ಮೇಲೆ ಮಾರಾಟದ ಸಣ್ಣ ಪಾಲು ಎಂಬ ಸುಲಭ ಷರತ್ತಿನಲ್ಲಿ ಕೇಳಿದವರಿಗೆಲ್ಲ ಪರವಾನಗಿ ನೀಡಿತು. 1997ರಲ್ಲಿ ಅವಧಿ ಮುಗಿಯುವ ವೇಳೆಗೆ 468 ಕಂಪನಿಗಳು ಪರವಾನಗಿ ಪಡೆದಿದ್ದವು. ಒಟ್ಟು ವರಮಾನ ಸುಮಾರು 25.5 ಕೋಟಿ ಡಾಲರ್. ಕಡಿಮೆ ಲಾಭ, ಹೆಚ್ಚು ಗಿರಾಕಿ ಎಂಬ ಪೇಟೆಯ ಸೂತ್ರವೇ ಇಲ್ಲಿಯೂ ಕೆಲಸ ಮಾಡಿತು.

ಜೀವಿಯ ಮೇಲೆಯೇ ಪೇಟೆಂಟ್ ಸಾಧ್ಯವೇ ಎಂಬ ಪ್ರಶ್ನೆಯನ್ನು ಅಮೆರಿಕದ ನ್ಯಾಯಾಲಯಕ್ಕೆ ಒಯ್ದವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಅವರು ಕಚ್ಚಾತೈಲವನ್ನು ಒಡೆಯಬಲ್ಲ ಹಲವು ಪ್ಲಾಸ್ಮಿಡ್‌ಗಳನ್ನು ಒಂದೇ ಬ್ಯಾಕ್ಟೀರಿಯಾದಲ್ಲಿ ಸೇರಿಸಿದ್ದರು. 1972ರ ಅರ್ಜಿ ತಿರಸ್ಕೃತವಾಗಿ, ಮೇಲ್ಮನವಿಗಳ ಮೂಲಕ ಸಾಗಿ, 1980ರ ಜೂನ್ 16ರಂದು ಸುಪ್ರೀಂ ಕೋರ್ಟು 5-4 ಬಹುಮತದಿಂದ ಅವರ ಪರ ತೀರ್ಪಿತ್ತಿತು. ಆ ಬ್ಯಾಕ್ಟೀರಿಯಾ ವ್ಯಾಪಾರದ ಸರಕಾಗಲಿಲ್ಲ. ತೀರ್ಪು ಮಾತ್ರ ಒಂದು ಉದ್ದಿಮೆಗೇ ಅಡಿಪಾಯವಾಯಿತು.

ನಮ್ಮ ನಾಡಿನ ಉದಾಹರಣೆ ಬಯೋಕಾನ್. 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಕಿರಣ್ ಮಜುಂದಾರ್ ಆರಂಭಿಸಿದಾಗ ಅದರ ಸರಕು ಪರಂಗಿಕಾಯಿಯ ಹಾಲಿನ ಪಪೈನ್ ಮತ್ತು ಮೀನಿನ ಗಾಳಿಚೀಲದಿಂದ ಬರುವ ಐಸಿಂಗ್ಲಾಸ್. ಎರಡೂ ತೋಟ ಮತ್ತು ಬಲೆಯ ಮೇಲೆ ಅವಲಂಬಿತ. ಕಂಪನಿ ಬೆಳೆದದ್ದು ಸೂಕ್ಷ್ಮಜೀವಿಗಳ ಕಡೆ ತಿರುಗಿದ ಮೇಲೆ. 2007ರಲ್ಲಿ ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೋವೋಝೈಮ್ಸ್‌ಗೆ ಮಾರಿದಾಗ ಬಂದ ಬೆಲೆ 11.5 ಕೋಟಿ ಡಾಲರ್. ಅಂಥ ವಹಿವಾಟಿನಲ್ಲಿ ಕಟ್ಟಡ, ಟ್ಯಾಂಕುಗಳಿಗಿಂತ ತಳಿ, ಪ್ರಕ್ರಿಯೆ ಮತ್ತು ಗಿರಾಕಿಗಳಿಗೇ ಹೆಚ್ಚು ಬೆಲೆ ಎಂದು ಊಹಿಸುವುದು ಕಷ್ಟವಲ್ಲ. ಕೊಂಡ ಕಂಪನಿ 2024ರಲ್ಲಿ ಕ್ರಿಸ್ಟಿಯನ್ ಹ್ಯಾನ್ಸನ್ ಸಂಸ್ಥೆಯೊಂದಿಗೆ ವಿಲೀನವಾಗಿ ಈಗ 'ನೊವೊನೆಸಿಸ್' ಆಗಿದೆ.

ಇಲ್ಲಿಯ ಕಾನೂನು

ಭಾರತದ ಪೇಟೆಂಟ್ ಕಾಯ್ದೆ 1970ರ ಪ್ರಕರಣ 3(ಸಿ) ಪ್ರಕಾರ ನಿಸರ್ಗದಲ್ಲಿ ದೊರೆಯುವ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ಪೇಟೆಂಟ್ ಸಿಗದು. ಪ್ರಕರಣ 3(ಜೆ) ಗಿಡ ಮತ್ತು ಪ್ರಾಣಿಗಳನ್ನು ಹೊರಗಿಡುತ್ತದೆ, ಆದರೆ ಸೂಕ್ಷ್ಮಜೀವಿಗಳನ್ನು ಆ ನಿಷೇಧದಿಂದ ಬಿಡುತ್ತದೆ. ಇದು 2002ರ ತಿದ್ದುಪಡಿಯ ಫಲ. ಅದೇ ವರ್ಷ ಕಲ್ಕತ್ತಾ ಉಚ್ಚ ನ್ಯಾಯಾಲಯವು ಕೋಳಿಗಳ ಲಸಿಕೆಯೊಂದರ ಪ್ರಕರಣದಲ್ಲಿ, ಅಂತಿಮ ಉತ್ಪನ್ನದಲ್ಲಿ ಜೀವಂತ ಜೀವಿ ಇದೆ ಎಂಬ ಕಾರಣಕ್ಕೆ ತಯಾರಿಕಾ ವಿಧಾನಕ್ಕೆ ಪೇಟೆಂಟ್ ನಿರಾಕರಿಸಲಾಗದೆಂದು ತೀರ್ಪು ನೀಡಿತು.

ಯಂತ್ರವನ್ನು ನಕ್ಷೆಯಿಂದ ವಿವರಿಸಬಹುದು. ಜೀವಿಯನ್ನು ಕಾಗದದ ಮೇಲೆ ಪೂರ್ತಿ ವಿವರಿಸಲಾಗದು. ಆದುದರಿಂದ ಪೇಟೆಂಟ್ ಕೋರುವವರು ತಳಿಯನ್ನೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಠೇವಣಿ ಇಡಬೇಕು, ಅದು ಎಲ್ಲಿಂದ ಬಂದಿತೆಂದೂ ತಿಳಿಸಬೇಕು. ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ 2001ರ ಡಿಸೆಂಬರಿನಲ್ಲಿ ಸೇರಿತು. ಚಂಡೀಗಢದ ಸೂಕ್ಷ್ಮಜೀವಿ ತಂತ್ರಜ್ಞಾನ ಸಂಸ್ಥೆಯಲ್ಲಿರುವ ಸಂಗ್ರಹಾಲಯ 2002ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಠೇವಣಿ ಸಂಸ್ಥೆಯೆಂಬ ಮಾನ್ಯತೆ ಪಡೆಯಿತು. ಪುಣೆಯಲ್ಲಿಯೂ ಇನ್ನೊಂದು ಇದೆ. ಅದಕ್ಕೂ ಮೊದಲು ಭಾರತೀಯರು ತಮ್ಮ ತಳಿಯನ್ನು ಹೊರದೇಶಕ್ಕೆ ಕಳುಹಿಸಬೇಕಿತ್ತು.

ಯೆಲ್ಲೋಸ್ಟೋನ್ ಮಾದರಿಯ ನಷ್ಟವನ್ನು ತಡೆಯಲು ನಮ್ಮಲ್ಲಿ ಜೀವವೈವಿಧ್ಯ ಕಾಯ್ದೆ 2002 ಇದೆ. ಅದರ 'ಜೈವಿಕ ಸಂಪನ್ಮೂಲ'ದಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. 2023ರ ತಿದ್ದುಪಡಿಯ ಬಳಿಕ, ಇಲ್ಲಿಯ ಸಂಪನ್ಮೂಲದ ಮೇಲೆ ಪೇಟೆಂಟ್ ಕೋರುವ ಭಾರತೀಯರು ಪೇಟೆಂಟ್ ದೊರೆಯುವ ಮೊದಲು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ವಾಣಿಜ್ಯ ಬಳಕೆಗೆ ಇಳಿಯುವಾಗ ಅದರ ಅನುಮತಿ ಪಡೆಯಬೇಕು. ವಿದೇಶೀಯರಿಗೆ ಪೂರ್ವಾನುಮತಿಯ ನಿಯಮ ಇನ್ನೂ ಬಿಗಿ. ಹೊಲದ ಮಣ್ಣಿನಿಂದಲೋ ಹಳೆಯ ಕಾರ್ಖಾನೆಯ ಹುದುಗುತೊಟ್ಟಿಯಿಂದಲೋ ಒಳ್ಳೆಯ ತಳಿ ಸಿಕ್ಕ ಉದ್ದಿಮೆದಾರರು, ಅದನ್ನು 'ಪರೀಕ್ಷೆಗೆ' ಎಂದು ಯಾರ ಕೈಗಾದರೂ ಕೊಡುವ ಮೊದಲು ಒಪ್ಪಂದಪತ್ರ ಬರೆಸಿಕೊಳ್ಳುವುದು ಕ್ಷೇಮ. ಒಮ್ಮೆ ಕೈದಾಟಿದ ತಳಿಯನ್ನು ಹಿಂದಕ್ಕೆ ಪಡೆಯಲಾಗದು. ಒಂದು ಹನಿಯಿಂದ ಟ್ಯಾಂಕು ತುಂಬುವುದೇ ಅದರ ಗುಣ. ತಳಿ ಸುಧಾರಣೆಗೆ ಮಾಡಿದ ಖರ್ಚಿನ ಪ್ರತ್ಯೇಕ ಲೆಕ್ಕವೂ ಬೇಕು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷವೇ ಖರ್ಚು ಹಾಕಬೇಕು. ಅಭಿವೃದ್ಧಿ ಹಂತದ್ದನ್ನು ಷರತ್ತುಗಳು ಪೂರೈಸಿದಲ್ಲಿ ಆಸ್ತಿಯಾಗಿ ತೋರಿಸಬಹುದು. ಎರಡನ್ನೂ ಕಲಸಿ ಬರೆದರೆ ಬ್ಯಾಂಕಿನವರ ಮುಂದೆ ತಳಿಗೆ ಬೆಲೆಯೇ ಇರದು.

ಪೇಟೆಂಟಿನ ಅವಧಿ 20 ವರ್ಷ. ಬುಡಾಪೆಸ್ಟ್ ಒಪ್ಪಂದದ ಪ್ರಕಾರ ಠೇವಣಿ ಇಟ್ಟ ತಳಿಯನ್ನು ಕನಿಷ್ಠ 30 ವರ್ಷ ಜೀವಂತವಾಗಿ ಕಾಪಾಡಬೇಕು. ಅಂದರೆ ಹಕ್ಕು ಮುಗಿದ ಮೇಲೂ ಕನಿಷ್ಠ ಕೆಲವು ವರ್ಷಗಳ ಕಾಲ ತಳಿ ಸಂಗ್ರಹಾಲಯದಲ್ಲಿ ಉಳಿದಿರುತ್ತದೆ. ನಿಯಮಾನುಸಾರ ಅರ್ಜಿ ಸಲ್ಲಿಸಿ, ಶುಲ್ಕ ಕಟ್ಟಿದವರು ಅದರ ಮಾದರಿಯನ್ನು ತರಿಸಿಕೊಳ್ಳಬಹುದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದ ತಳಿಗಳ ಸರದಿ ಈಗ ಬಂದಿದೆ.